ಅಮ್ಮ ಬ್ಯಾಂಕಾಕ್‌ನಲ್ಲಿ ನೂಲು ನೋಡಿದ್ದು

ಯಾವುದೇ ಫ್ಯಾಮಿಲಿ ಟ್ರಿಪ್ಪಿನ ಫೋಟೊ ಫೋಲ್ಡರ್ ತೆಗೆದು ನೋಡಿ. ಮೊದಲ ದಿನ ಏರ್‌ಪೋರ್ಟಿನ ಟ್ರಾಲಿಯಿಂದ ಶುರುವಾಗಿ ವಿಮಾನದ ರೆಕ್ಕೆ, ಹೋಟೆಲ್ ರೂಮಿನ ಹಾಸಿಗೆ, ಬೆಳಗಿನ ತಿಂಡಿಯ ತಟ್ಟೆ ಎಲ್ಲಾ ಸೇರಿ ಇನ್ನೂರು ಮುನ್ನೂರು ಫೋಟೊ ಇರುತ್ತೆ. ಕೊನೆಯ ಎರಡು ದಿನಕ್ಕೆ ಬಂದರೆ ಹದಿನೈದೋ ಇಪ್ಪತ್ತೋ. ಅದರಲ್ಲೂ ಅರ್ಧ ಬಿಲ್ಲುಗಳು. ಆ ಹೊತ್ತಿಗೆ ಎಲ್ಲರ ಕಾಲೂ ನೋಯುತ್ತಿರುತ್ತೆ, ಒಗೆಯದ ಬಟ್ಟೆ ಒಂದು ಬ್ಯಾಗ್ ತುಂಬಿರುತ್ತೆ, ಮನಸ್ಸು ಆಗಲೇ ಊರಿನ ದಾರಿ ಹಿಡಿದಿರುತ್ತೆ.

ಹೋದ ಸಲ ಈ ಅಂಕಣದಲ್ಲಿ ಅಪ್ಪ ಅಮ್ಮನಿಗೆ ಮೊದಲ ಪಾಸ್‌ಪೋರ್ಟ್ ಮಾಡಿಸಿದ್ದನ್ನ ಬರೆದಿದ್ದೆ. ‘ಆಮೇಲೆ ಟ್ರಿಪ್ ಹೇಗಾಯ್ತು?’ ಅಂತ ಕೇಳಿದವರಿಗೆ ಇದು ಉತ್ತರ. ಆದರೆ ಇಡೀ ಟ್ರಿಪ್ ಹೇಳೋದಿಲ್ಲ. ಟ್ವಿನ್ ಟವರ್ ಮುಂದೆ ನಿಂತ ವಿಡಿಯೊ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ. ನಾನು ಹೇಳೋದು ಫೋಟೊ ಕಡಿಮೆ ಇರುವ ಆ ಕೊನೆಯ ಎರಡು ದಿನದ ವಿಷಯ.

ಅದಕ್ಕೂ ಮುಂಚೆ ಸ್ವಲ್ಪ ಹಿನ್ನೆಲೆ. ನಮ್ಮೂರು ಚನ್ನಪಟ್ಟಣ ತಾಲೂಕಿನಲ್ಲಿ. ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಆಯಿತು, ಊರಿನವರ ಬಾಯಲ್ಲಿ ಮಾತ್ರ ಇನ್ನೂ ರಾಮನಗರವೇ. ಅಪ್ಪ ಅಮ್ಮ ರೇಷ್ಮೆ ಬೆಳೆಯುತ್ತಾರೆ. ಹಾಗಾಗಿ ನಮ್ಮ ಟ್ರಿಪ್ಪಿನ ತಾರೀಖು ನಿಗದಿ ಮಾಡಿದ್ದು ನನ್ನ ರಜೆಯೂ ಅಲ್ಲ, ಟಿಕೆಟ್ ರೇಟೂ ಅಲ್ಲ, ಹುಳು.

ರೇಷ್ಮೆ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತೆ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನೋದು ನಿಲ್ಲಿಸಿ ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಎರಡನೇ ಜ್ವರ ಎದ್ದ ಮರಿಹುಳುಗಳನ್ನ ಚಾಕಿ ಕೇಂದ್ರದಿಂದ ತಂದರೆ ಅಲ್ಲಿಂದ ಹದಿನೆಂಟು ದಿನದಷ್ಟು ಸೊಪ್ಪು ಹಾಕಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಇದೆ ನೋಡಿ ಕೆಲಸ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ತಿನ್ನೋದು ಆ ಕೊನೆಯ ಒಂದು ವಾರದಲ್ಲಿ. ರಾತ್ರಿ ಹತ್ತಕ್ಕೆ ಒಂದು ಸಲ ಹಾಕಿ ಮಲಗಿದರೆ ಬೆಳಗಿನ ಜಾವ ಐದಕ್ಕೆ ಏಳಬೇಕು. ಹುಳುಮನೆ ಒಳಗೆ ನಿಂತರೆ ಸೊಪ್ಪು ತಿನ್ನುವ ಸದ್ದು ಮಳೆ ಹನಿ ಬಿದ್ದ ಹಾಗೆ ಕೇಳುತ್ತೆ. ಆಮೇಲೆ ಹುಳು ಹಣ್ಣಾಗುತ್ತೆ, ಚಂದ್ರಿಕೆಗೆ ಬಿಡ್ತಾರೆ, ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕ್ತಾರೆ. ಹುಳುಮನೆ ತೊಳೆದು, ಬ್ಲೀಚಿಂಗ್ ಹೊಡೆದು, ಸುಣ್ಣ ಚೆಲ್ಲಿ, ತೋಟದಲ್ಲಿ ಸೊಪ್ಪು ಮತ್ತೆ ಚಿಗುರುವವರೆಗೆ ಸಿಗುವ ಬಿಡುವು ಇದೆಯಲ್ಲ, ಅದು ಈ ಸಲ 12 ದಿನ. ಅದರೊಳಗೆ 10 ದಿನದ ಟ್ರಿಪ್.

ನನಗೂ ಒಂದು ಲೆಕ್ಕ ಇತ್ತು. ಹೋದ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿಸಿದ್ದೀವಿ. ವಯಸ್ಸು 64. ರಾತ್ರಿ ನಿದ್ದೆ ಕೆಡಬಾರದು, ಭಾರ ಹೊರಬಾರದು ಅಂತ ಡಾಕ್ಟರು ಹೇಳಿದ ಎರಡೇ ತಿಂಗಳಿಗೆ ಅಪ್ಪ ಸೊಪ್ಪಿನ ಹೊರೆ ಹೊತ್ತುಕೊಂಡು ಬಂದಿದ್ದು ಪಕ್ಕದ ಮನೆಯವರಿಂದ ನನಗೆ ಗೊತ್ತಾಯ್ತು. ಅಮ್ಮನ ಮಂಡಿ ಬೇರೆ. ಇನ್ನು ರೇಷ್ಮೆ ಸಾಕು, ಬೆಂಗಳೂರಿಗೆ ಬಂದು ನಮ್ಮ ಜೊತೆ ಇರಿ ಅಂತ ಹೇಳಬೇಕಿತ್ತು. ಊರಲ್ಲಿ ಈ ಮಾತು ತೆಗೆದರೆ ಅಪ್ಪ ಟವಲ್ ಕೊಡವಿ ತೋಟಕ್ಕೆ ಹೊರಟುಬಿಡ್ತಾರೆ. ಬೇರೆ ದೇಶದಲ್ಲಿ ಎಲ್ಲಿಗೆ ಹೋಗ್ತಾರೆ? ಕೊನೆಯ ರಾತ್ರಿ ಮಾತಾಡೋದು ಅಂತ ನಾನೂ ನನ್ನ ಗಂಡನೂ ಮೊದಲೇ ತೀರ್ಮಾನ ಮಾಡಿದ್ವಿ.

ಮಲೇಷ್ಯಾ, ಥಾಯ್ಲೆಂಡ್ ಎರಡಕ್ಕೂ ಆಗ ಭಾರತದವರಿಗೆ ವೀಸಾ ಬೇಡವಾಗಿದ್ದರಿಂದ ಅವೆರಡನ್ನೇ ಹಿಡಿದಿದ್ದು. ಆದರೆ ಎರಡು ದೇಶಕ್ಕೂ ಹೋಗುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ಮರೀಬೇಡಿ. ಕೌಲಾಲಂಪುರದಲ್ಲಿ ಬಟು ಗುಹೆಯ 272 ಮೆಟ್ಟಿಲನ್ನ ಅಮ್ಮ ಮಂಡಿ ಹಿಡ್ಕೊಂಡೇ ಹತ್ತಿದಳು. ಅಪ್ಪ ಕೆಳಗೆ ಎಳನೀರು ಕುಡೀತಾ ಕೂತು, ಬಣ್ಣ ಬಣ್ಣದ ಮೆಟ್ಟಿಲು ನೋಡಿ, “ನಮ್ ರಾಮದೇವರ ಬೆಟ್ಟಕ್ಕೆ ಪೇಂಟ್ ಹೊಡೆದಂಗೈತೆ” ಅಂದರು. ಅಲ್ಲಿಂದ ಕ್ಯಾಮರೂನ್ ಹೈಲ್ಯಾಂಡ್ಸ್. ತಿರುವಿನ ರಸ್ತೆಯಲ್ಲಿ ಮಗಳು ಎರಡು ಸಲ ವಾಂತಿ ಮಾಡಿದ್ದು ಬಿಟ್ಟರೆ ಚೆನ್ನಾಗಿತ್ತು. ಟೀ ತೋಟ, ಚಳಿ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಬೆಳೆದ ಸ್ಟ್ರಾಬೆರಿ. ಆ ಹೊದಿಕೆಗೆ ಎಕರೆಗೆ ಎಷ್ಟು ಖರ್ಚು ಬೀಳುತ್ತೆ ಅನ್ನೋದು ಮಾತ್ರ ಅಪ್ಪನ ಪ್ರಶ್ನೆ. ಆಮೇಲೆ ಬ್ಯಾಂಕಾಕ್, ನಾಲ್ಕು ರಾತ್ರಿ.

ಊರಿಗೆ ಹೊರಡಲು ಎರಡು ದಿನ ಇದೆ ಅನ್ನುವಾಗ ಹಿರಿಯರಲ್ಲಿ ಒಂದು ಬದಲಾವಣೆ ಆಗುತ್ತೆ. ನೀವೂ ಗಮನಿಸಿರಬಹುದು. ಅಲ್ಲಿಯವರೆಗೆ ನಾವು ತೋರಿಸಿದ್ದನ್ನ ನೋಡ್ತಿದ್ದವರು ಆಮೇಲೆ ತಮಗೆ ಬೇಕಾದ್ದನ್ನ ಹುಡುಕೋಕೆ ಶುರು ಮಾಡ್ತಾರೆ. ಅಮ್ಮ ತಂದಿದ್ದ ಹುರಿಹಿಟ್ಟು, ಚಟ್ನಿಪುಡಿ ಮುಗಿದಿತ್ತು. ಅಪ್ಪ ಬೆಳಗ್ಗೆ ಎದ್ದ ತಕ್ಷಣ ಊರಿಗೆ ವಾಟ್ಸ್ಆ್ಯಪ್ ಕಾಲ್ ಮಾಡಿ, “ಬ್ಲೀಚಿಂಗ್ ಹೊಡೆದ್ರಾ? ಕಿಟಕಿ ಮುಚ್ಚಿದ್ರಾ?” ಅಂತ ಕೇಳೋದು. ಅಮ್ಮ ನನ್ನ ಫೋನಿನಲ್ಲಿ ಚನ್ನಪಟ್ಟಣದ ಹವಾಮಾನ ನೋಡು ಅನ್ನೋದು. ಬ್ಯಾಂಕಾಕ್‌ನಲ್ಲಿ ಮಳೆ ಬಂದರೆ ಅವಳಿಗೆ ಚಿಂತೆ ಇಲ್ಲ, ಊರಲ್ಲಿ ಮೋಡ ಕಟ್ಟಿದರೆ ಸೊಪ್ಪು ಒದ್ದೆ ಆಗುತ್ತೆ, ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ.

ಇದರ ಜೊತೆಗೆ ನೆಂಟರಿಗೆ ಕೊಡುವ ಸಾಮಾನಿನ ಪಟ್ಟಿ. ಕನಕಪುರದಲ್ಲಿ ಅಪ್ಪನ ಅಕ್ಕ, ಮಾಗಡಿ ಕಡೆ ಅಮ್ಮನ ತವರು, ರಾಮನಗರದಲ್ಲಿ ಚಿಕ್ಕಪ್ಪ. ನಾಲ್ಕು ತಾಲೂಕಿಗೂ ಒಂದೇ ಸಮ ಹಂಚಬೇಕು, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆದರೆ ಮುಂದಿನ ಹಬ್ಬದವರೆಗೂ ಮಾತು ಬರುತ್ತೆ. ಕೊನೆಗೆ ಎಲ್ಲರಿಗೂ ಮಂಡಿ ನೋವಿನ ಮುಲಾಮು ಅಂತ ಆಯ್ತು. 30 ಡಬ್ಬಿ. ಅದೇ ಅಂಗಡಿಯಲ್ಲಿ ಮಗಳು ಒಂದು ಮರದ ಬುಗುರಿ ಎತ್ತಿಕೊಂಡಳು. ಅಪ್ಪ ಅದನ್ನ ತಿರುಗಿಸಿ, ಉಗುರಿನಿಂದ ಕೆರೆದು, “ಇದು ಬ್ರಶ್ಶಲ್ಲಿ ಹೊಡೆದಿರೋ ಪೇಂಟು ಕಣವ್ವ. ನಮ್ಮೂರಲ್ಲಾದ್ರೆ ಅರಗು ಹಾಕಿರ್ತಾರೆ” ಅಂತ ವಾಪಸ್ ಇಟ್ಟರು. ಚನ್ನಪಟ್ಟಣದವರನ್ನ ಮರದ ಗೊಂಬೆ ಅಂಗಡಿಗೆ ಕರ್ಕೊಂಡು ಹೋಗೋದು ಅಂದರೆ ಹೀಗೇ. ಮಗಳು ಅತ್ತಳು.

ಆ ರಾತ್ರಿ ತಳ್ಳುಗಾಡಿಯ ಘಟನೆ ನಡೆದಿದ್ದು. ಬ್ಯಾಂಕಾಕ್ ಬೀದಿಯಲ್ಲಿ ಹುಳು ಹುಪ್ಪಟೆ ಹುರಿದು ಮಾರುವ ಗಾಡಿಗಳು ಇರುತ್ತವೆ ಅಂತ ನಿಮಗೆ ಗೊತ್ತೇ ಇದೆ. ಮಿಡತೆ, ಬಿದಿರು ಹುಳು, ಚೇಳು. ಟೂರಿಸ್ಟ್‌ಗಳು ಫೋಟೊ ತೆಗೆಯಲು ಮುಗಿಬೀಳ್ತಾರೆ. ನಾವು ಪಕ್ಕದಲ್ಲಿ ದಾಟಿ ಹೋಗ್ತಿದ್ವಿ, ಅಮ್ಮ ನಿಂತುಬಿಟ್ಟಳು. ಒಂದು ತಟ್ಟೆಯ ತುಂಬ ಕಂದು ಬಣ್ಣದ, ಕಡಲೆಕಾಯಿ ಬೀಜದಷ್ಟು ದಪ್ಪದ ಕೋಶಗಳು.

“ಅಯ್ಯೋ ಶಿವನೇ, ಇದು ನಮ್ ಹುಳಾನೇ ಕಣವ್ವ.”

ಹೌದು, ಅದು ನಮ್ಮ ಹುಳವೇ. ಗೂಡಿನಿಂದ ನೂಲು ತೆಗೆದ ಮೇಲೆ ಒಳಗೆ ಉಳಿಯುವ ಕೋಶ. ಥಾಯ್ಲೆಂಡಿನ ಈಶಾನ್ಯ ಭಾಗ ರೇಷ್ಮೆಯ ಸೀಮೆ, ಅಲ್ಲಿ ಇದನ್ನ ಮನೆಗಳಲ್ಲೇ ತಿಂತಾರೆ. ಹುಳುಮನೆ ಹತ್ತಿರ ಒಗ್ಗರಣೆ ಘಾಟು ಕೂಡ ಬರಬಾರದು ಅನ್ನುವ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ನಡೆದಳು. ಅಪ್ಪ ಹೋಗಲಿಲ್ಲ. “ನಮ್ಮಲ್ಲಿ ಇದನ್ನ ಎಣ್ಣೆ ತೆಗೆಯೋಕೆ, ಮೀನಿಗೆ ಕೋಳಿಗೆ ಅಂತ ಕೊಡ್ತಾರೆ. ಇಲ್ಲಿ ಮನುಷ್ಯರಿಗೇ ಮಾರ್ತಾವ್ರಲ್ಲ. ರೇಟ್ ಕೇಳು ಮಗ.” ಕೇಳಿದೆ. ಒಂದು ಸಣ್ಣ ಪೊಟ್ಟಣದ ರೇಟನ್ನ ಅಪ್ಪ ಕೆಜಿಗೆ ತಿರುಗಿಸಿ, ಬಾತ್‌ನಿಂದ ರೂಪಾಯಿಗೆ ತಿರುಗಿಸಿ, “ಗೂಡಿಗಿಂತ ಇದಕ್ಕೇ ಹೆಚ್ಚು ಸಿಗ್ತದೆ” ಅಂತ ತಲೆ ಅಲ್ಲಾಡಿಸಿದರು. ಹೋಟೆಲ್ ತಲುಪುವವರೆಗೂ ಅದೇ ಮಾತು.

ಆ ಮಾತೇ ಮರುದಿನದ ಪ್ಲಾನ್ ಬದಲಾಯಿಸಿತು. ಕೊನೆಯ ಇಡೀ ದಿನ ಮಾಲ್‌ಗೆ ಅಂತ ಇಟ್ಟಿದ್ವಿ. ನನ್ನ ಗಂಡ, “ಮಾವ, ಇಲ್ಲಿ ರೇಷ್ಮೆಗೆ ಸಂಬಂಧಪಟ್ಟ ಒಂದು ಮನೆ ಇದೆಯಂತೆ, ಮೆಟ್ರೊದಲ್ಲಿ ಹೋಗಿ ಬರೋಣ” ಅಂದ. ಅದು ಜಿಮ್ ಥಾಂಪ್ಸನ್ ಮನೆ. ನ್ಯಾಷನಲ್ ಸ್ಟೇಡಿಯಂ ಸ್ಟೇಷನ್‌ನಲ್ಲಿ ಇಳಿದು ಐದು ನಿಮಿಷದ ನಡಿಗೆ.

ಈ ಥಾಂಪ್ಸನ್ ಅಮೆರಿಕದವನು, ಓದಿದ್ದು ವಾಸ್ತುಶಿಲ್ಪ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಗುಪ್ತಚರ ಕೆಲಸದ ಮೇಲೆ ಬ್ಯಾಂಕಾಕ್‌ಗೆ ಬಂದವನು ಅಲ್ಲೇ ಉಳಿದ. ಆಗ ಥಾಯ್ ರೇಷ್ಮೆ ನೇಯ್ಗೆ ಹೆಚ್ಚುಕಡಿಮೆ ಕಣ್ಮುಚ್ಚುವ ಸ್ಥಿತಿಯಲ್ಲಿತ್ತು. ಕೆಲವು ಮನೆಗಳಲ್ಲಿ ಉಳಿದಿದ್ದ ಕೈಮಗ್ಗದ ಬಟ್ಟೆಯನ್ನ ಅವನು ನ್ಯೂಯಾರ್ಕ್‌ಗೆ ತಗೊಂಡು ಹೋಗಿ ತೋರಿಸಿ ಗಿರಾಕಿ ಹುಡುಕಿ, ಕಂಪನಿ ಕಟ್ಟಿದ. ಹಳೆಯ ಆರು ತೇಗದ ಮನೆಗಳನ್ನ ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದು ಜೋಡಿಸಿ ಕಾಲುವೆ ದಂಡೆಯಲ್ಲಿ ಈ ಮನೆ ಮಾಡಿಕೊಂಡಿದ್ದು 1959ರಲ್ಲಿ. ಕಾಲುವೆಯ ಆಚೆ ದಡದಲ್ಲಿ ಬಾನ್ ಕ್ರುವಾ ಅನ್ನುವ ಕೇರಿ. ಅವನಿಗೆ ಬಟ್ಟೆ ನೇಯ್ದು ಕೊಡ್ತಿದ್ದವರು ಅಲ್ಲಿನ ಚಾಮ್ ಮುಸ್ಲಿಂ ಕುಟುಂಬಗಳು. ಇದನ್ನ ಹೇಳಿದಾಗ ಅಪ್ಪ, “ನಮ್ಮಲ್ಲೂ ಹಂಗೇ ಅಲ್ವ. ಬೆಳೆಯೋರು ನಾವು, ರಾಮನಗರದಲ್ಲಿ ನೂಲು ಬಿಚ್ಚೋರು ಹೆಚ್ಚಾಗಿ ಸಾಹೇಬ್ರುಗಳೇ. ಅವರಿಲ್ದೆ ನಮ್ದು ನಡೆಯಲ್ಲ, ನಾವಿಲ್ದೆ ಅವರ್ದು ನಡೆಯಲ್ಲ” ಅಂದರು. ಗೈಡ್ ಹೇಳಿದ ಯಾವ ಮಾತಿಗಿಂತಲೂ ಇದು ನನಗೆ ನೆನಪಿದೆ.

ಥಾಂಪ್ಸನ್ ಕಥೆಯ ಕೊನೆ ವಿಚಿತ್ರ. 1967ರ ಮಾರ್ಚ್ 26ರಂದು ಮಲೇಷ್ಯಾದ ಕ್ಯಾಮರೂನ್ ಹೈಲ್ಯಾಂಡ್ಸ್‌ನಲ್ಲಿ ಸ್ನೇಹಿತರ ಬಂಗಲೆಯಿಂದ ವಾಕಿಂಗ್ ಹೋದವನು ವಾಪಸ್ ಬರಲೇ ಇಲ್ಲ. ಸೈನಿಕರು, ಪೊಲೀಸರು, ಕಾಡಿನ ಬುಡಕಟ್ಟು ಜನ ಎಲ್ಲರೂ ಹುಡುಕಿದರು. ಬಟ್ಟೆಯ ಚೂರೂ ಸಿಗಲಿಲ್ಲ. ಕೆಲವೇ ದಿನದ ಹಿಂದೆ ನಾವು ಟೀ ಕುಡಿದು ಬಂದ ಬೆಟ್ಟ ಅದು. ಅಪ್ಪ ಹುಬ್ಬೇರಿಸಿದರು. ಅಮ್ಮ, “ಎಲ್ಲಿಗೆ ಹೋಯ್ತೀನಿ ಅಂತ ಮನೇಲಿ ಒಂದ್ ಮಾತು ಹೇಳಿ ಹೋಗ್ಬಾರ್ದಾಗಿತ್ತ?” ಅಂದಳು.

ಮನೆಯ ಒಳಗೆ ಫೋಟೊ ತೆಗೆಯುವಂತಿಲ್ಲ. ಚಪ್ಪಲಿ ಹೊರಗೆ. ಎತ್ತರದ ಹೊಸ್ತಿಲು, ತುಳಿಯದೆ ದಾಟಿ ಅಂತ ಗೈಡ್ ಹೇಳಿದ್ದನ್ನ ನಾನು ಕನ್ನಡದಲ್ಲಿ ಹೇಳುವ ಮೊದಲೇ ಅಮ್ಮ ದಾಟಿಯಾಗಿತ್ತು. ಹಳೆಯ ಬುದ್ಧನ ವಿಗ್ರಹಗಳು, ಚೀನಾದ ಪಿಂಗಾಣಿ. ಅವಳಿಗೆ ಅವುಗಳಲ್ಲಿ ಆಸಕ್ತಿ ಹುಟ್ಟಲಿಲ್ಲ. ಹೊರಗೆ ಅಂಗಳಕ್ಕೆ ಬಂದಾಗ ಅಲ್ಲಿ ಒಬ್ಬ ಹೆಂಗಸು ಒಲೆಯ ಮೇಲೆ ಮಡಕೆ ಇಟ್ಟುಕೊಂಡು ಕೂತಿದ್ದರು. ಬಿಸಿ ನೀರಲ್ಲಿ ಹಳದಿ ಗೂಡುಗಳು ಕುಣಿಯುತ್ತಿದ್ದವು. ಬರುವವರಿಗೆ ಹಳೆಯ ಪದ್ಧತಿಯಲ್ಲಿ ನೂಲು ತೆಗೆದು ತೋರಿಸುವ ಜಾಗ ಅದು.

ಅಮ್ಮ ಮೊದಲು ನೋಡಿದ್ದು ಗೂಡಿನ ಬಣ್ಣ. “ಇದು ನಮ್ ಮೈಸೂರು ತಳಿ ಇದ್ದಂಗೈತೆ.” ಅವಳ ತವರು ಮಾಗಡಿ ಸೀಮೆ. ಮಾಗಡಿ, ಕುಣಿಗಲ್ ಕಡೆ ಹಿಂದಿನಿಂದಲೂ ಅಪ್ಪಟ ಮೈಸೂರು ತಳಿಯ ಬಿತ್ತನೆ ಗೂಡು ಬೆಳೀತಾರೆ. ಬಿತ್ತನೆ ಗೂಡಿನಿಂದ ನೂಲು ತೆಗೆಯೋದಿಲ್ಲ. ಚಿಟ್ಟೆ ಹೊರಗೆ ಬಂದು ಮೊಟ್ಟೆ ಇಡಬೇಕು. ಆ ಮೈಸೂರು ತಳಿಗೆ ದ್ವಿತಳಿಯನ್ನ ಸೇರಿಸಿ ಮಾಡಿದ ಮಿಶ್ರತಳಿಯನ್ನೇ ಈಗ ನಮ್ಮಂಥವರು ಬೆಳೆಯೋದು. ಅಂದರೆ ಅಮ್ಮ ಚಿಕ್ಕವಳಿದ್ದಾಗ ಅವಳ ಮನೆಯ ಗೂಡು ಮೊಟ್ಟೆಗೆ ಹೋಗ್ತಿತ್ತು. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೇಲೆ ಗೂಡು ರಾಮನಗರ ಮಾರುಕಟ್ಟೆಗೆ ಹೋಗ್ತಿತ್ತು. ಗೂಡು ಬಿಡಿಸಿ, ಜೊಳ್ಳು ಆರಿಸಿ, ಚೀಲ ತುಂಬಿ ಕೊಡೋದು ಇವಳು. ಬೆಳಗಿನ ಜಾವ ಚೀಲ ಹೇರಿಕೊಂಡು ಹೋಗೋದು ಅಪ್ಪ. ಅಪ್ಪ ಮಾರುಕಟ್ಟೆಯಲ್ಲಿ ಇರುವಾಗ ಇವಳು ಹುಳುಮನೆ ಗುಡಿಸ್ತಿರ್ತಾಳೆ.

ಮಡಕೆಯ ಮುಂದೆ ಅಮ್ಮ ಕುಕ್ಕರಗಾಲಲ್ಲಿ ಕೂತಳು. ಮಂಡಿ ನೋವು ಎಲ್ಲಿ ಹೋಯ್ತೋ. ಆ ಹೆಂಗಸು ಕಡ್ಡಿಯಿಂದ ಗೂಡುಗಳನ್ನ ಮೆಲ್ಲಗೆ ಒತ್ತಿ, ಎಳೆಯ ತುದಿ ಹಿಡಿದು ಎಳೆದರು. ಹತ್ತಾರು ಗೂಡಿನ ಎಳೆ ಒಟ್ಟಿಗೆ ಸೇರಿ ಒಂದು ನೂಲಾಗಿ, ಮೇಲಿನ ರಾಟೆ ದಾಟಿ, ಪಕ್ಕದ ಬುಟ್ಟಿಗೆ ಇಳೀತಿತ್ತು. ಒಂದೊಂದು ಗೂಡಿನಲ್ಲೂ ತುಂಬಾ ಉದ್ದದ ಒಂದೇ ಎಳೆ ಇರುತ್ತೆ. ನಾನು ಫೋನಿನಲ್ಲಿ ಓದಿ ಹೇಳಿದೆ. ಅಮ್ಮ ಕೇಳಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, “ನಾನು ಇದನ್ನ ನೋಡೇ ಇರ್ಲಿಲ್ಲ ಕಣವ್ವ” ಅಂದಳು.

“ಏನನ್ನ?”

“ನೂಲು ಬರೋದನ್ನ. ಗೂಡಿಂದ.”

38 ವರ್ಷ. ವರ್ಷಕ್ಕೆ ಐದಾರು ಬೆಳೆ. ನಮ್ಮೂರಿನಲ್ಲಿ ನೂಲು ಬಿಚ್ಚುವ ಚರಕ ಯಾರ ಮನೆಯಲ್ಲೂ ಇರಲಿಲ್ಲ. ರಾಮನಗರದ ಬಿಚ್ಚಣಿಕೆ ಘಟಕಗಳು ಇರೋದು ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ. ತವರಿಗೆ, ಆಸ್ಪತ್ರೆಗೆ, ಮದುವೆಗೆ ಅಂತ ಅವಳು ರಾಮನಗರ ದಾಟಿದ್ದು ಎಷ್ಟು ಸಲವೋ. ಆದರೆ ಮಾರುಕಟ್ಟೆಯ ಒಳಗೆ ಕಾಲಿಟ್ಟಿಲ್ಲ, ಬಿಚ್ಚಣಿಕೆ ಮನೆಗೆ ಹೋಗಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಬಾ ಅಂತಲೂ ಅಂದಿರಲಿಲ್ಲ. ರಾಮನಗರದ್ದು ಏಷ್ಯಾಕ್ಕೇ ದೊಡ್ಡ ಗೂಡಿನ ಮಾರುಕಟ್ಟೆ ಅಂತ ನಾವು ಶಾಲೆಯಲ್ಲಿ ಓದಿದ್ದೀವಿ. ಅದಕ್ಕೆ ಗೂಡು ಬೆಳೆದು ಕಳಿಸ್ತಿದ್ದವಳು ಏಷ್ಯಾ ಟ್ರಿಪ್ಪಿನ ಕೊನೆಯ ದಿನ, ಬೇರೆ ದೇಶದ ಮಡಕೆಯ ಮುಂದೆ ಕೂತು ಮೊದಲ ಸಲ ನೂಲು ನೋಡ್ತಿದ್ದಳು.

ಆಮೇಲೆ ಅಮ್ಮ ಒಂದು ಕೆಲಸ ಮಾಡಿದಳು. ತೋರುಬೆರಳು ಎತ್ತಿ, ಗೂಡು ಕಟ್ಟುವಾಗ ಹುಳು ತಲೆ ಆಡಿಸುತ್ತಲ್ಲ, ಎಂಟರ ಆಕಾರದಲ್ಲಿ, ಹಾಗೆ ಬೆರಳು ಆಡಿಸಿ ತೋರಿಸಿ, ತನ್ನ ಎದೆ ಮುಟ್ಟಿಕೊಂಡು, “ನಾನು. ಹುಳ ಸಾಕ್ತೀನಿ. ಇಂಡಿಯಾ” ಅಂದಳು. ಆ ಹೆಂಗಸಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅವರೂ ಬೆರಳು ಎತ್ತಿ ಅದೇ ಎಂಟು ಬರೆದು ಜೋರಾಗಿ ನಕ್ಕರು. ಪಕ್ಕಕ್ಕೆ ಸರಿದು ಕಡ್ಡಿಯನ್ನ ಅಮ್ಮನ ಕೈಗೆ ಕೊಟ್ಟರು. ಅಮ್ಮನ ಎಳೆ ಎರಡು ಸಲ ಕಿತ್ತುಹೋಯ್ತು. ಮೂರನೇ ಸಲ ಬಂತು. ನಮ್ಮ ಹಿಂದೆ ಬೇರೆ ಟೂರಿಸ್ಟ್‌ಗಳು ಕಾಯ್ತಿದ್ದರು, ಅವಳು ಎದ್ದೇಳಲಿಲ್ಲ. ನಾನೂ ಎಬ್ಬಿಸಲಿಲ್ಲ. ಅಪ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತು ನೋಡ್ತಿದ್ದರು. ಏನೂ ಮಾತಾಡಲಿಲ್ಲ.

ರಾತ್ರಿ ಹೋಟೆಲಿನಲ್ಲಿ ಪ್ಯಾಕಿಂಗ್. ಮುಲಾಮಿನ ಡಬ್ಬಿ ಕ್ಯಾಬಿನ್ ಬ್ಯಾಗಿನಲ್ಲಿ ಬಿಡ್ತಾರೋ ಇಲ್ವೋ ಅಂತ ಚರ್ಚೆ ಆಗಿ ಎಲ್ಲವೂ ದೊಡ್ಡ ಸೂಟ್‌ಕೇಸಿಗೆ ಹೋಯ್ತು. ಅಪ್ಪ ಕೈಯಲ್ಲೇ ಎತ್ತಿ ನೋಡಿ, “ಹತ್ತೊಂಬತ್ತೂವರೆ” ಅಂದರು. ತೂಕದ ಕೊಕ್ಕೆ ಹಾಕಿ ನೋಡಿದರೆ 19.4. ಗೂಡಿನ ಚೀಲ ಎತ್ತಿ ಎತ್ತಿ ಬಂದ ಅಂದಾಜು. ಮಗಳು ಮಲಗಿದ ಮೇಲೆ ನಾನು ವಿಷಯ ತೆಗೆದೆ. ಸ್ಟೆಂಟ್, ರಾತ್ರಿ ಸೊಪ್ಪು, ಕೂಲಿಗೆ ಜನ ಸಿಗದೆ ಇರೋದು, ಮಂಡಿ. ನಮ್ಮ ಮನೆಯಲ್ಲಿ ಒಂದು ರೂಮು ಖಾಲಿ ಇರೋದು. ಎಲ್ಲಾ ಹೇಳಿದೆ. ಅಪ್ಪ ಸೂಟ್‌ಕೇಸಿನ ಜಿಪ್ಪು ಎಳೀತಾ ಇದ್ದರು. ಅದು ಸರಿಯಾಗಿ ಮುಚ್ಚಿದ್ದರೂ ಮತ್ತೆ ತೆಗೆದು ಎಳೆದರು.

ಮಾತಾಡಿದ್ದು ಅಮ್ಮ. “ನಿಮ್ಮಪ್ಪಂಗೆ ಸುಸ್ತಾಯ್ತದೆ, ನಿಜ. ನಂಗೂ ಆಯ್ತದೆ. ಆದ್ರೆ ಇಷ್ಟ್ ವರ್ಷ ಆದ್ಮೇಲೆ ಇವತ್ತು ನೂಲು ನೋಡಿದೀನಿ. ನೋಡಿದ್ ದಿನಾನೇ ಬಿಟ್ಬಿಡು ಅಂತೀಯಲ್ಲವ್ವ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಂಕಿನವರ ಸಾಫ್ಟ್‌ವೇರ್ ಬರೆಯುವವಳು ನಾನು. ಬರೆದ ಕೋಡ್ ಸಂಜೆಯೊಳಗೆ ಎಲ್ಲಿ ಓಡ್ತಿದೆ, ಎಷ್ಟು ಜನ ಬಳಸ್ತಿದಾರೆ ಅಂತ ಸ್ಕ್ರೀನ್ ಮೇಲೆ ಕಾಣುತ್ತೆ. ಕಾಣದೆ ಇದ್ದರೆ ಒಂದು ತಿಂಗಳೂ ಆ ಕೆಲಸದಲ್ಲಿ ಇರ್ತಿದ್ದೆನೋ ಇಲ್ವೋ. ಹಾಗಂತ ಸ್ಟೆಂಟಿನ ವಿಷಯ ಸುಳ್ಳಾಗಲ್ಲ. ನನ್ನ ಅಭಿಪ್ರಾಯ ಇವತ್ತಿಗೂ ಅದೇ, ಈ ವಯಸ್ಸಿಗೆ ರಾತ್ರಿ ಹತ್ತರ ಸೊಪ್ಪು ಬೇಡ. ಆದರೆ ಆ ರಾತ್ರಿ ಮಾತು ಅಲ್ಲಿಗೆ ನಿಂತಿತು. ಅಪ್ಪ ಕೊನೆಗೆ ಅಂದಿದ್ದು ಒಂದೇ ಮಾತು, ಅದೂ ಅಮ್ಮನಿಗೆ. “ಈ ಬೆಳೆ ಗೂಡಿಗೆ ಮಾರ್ಕೆಟ್ಟಿಗೆ ಬಾ ನೀನು.”

ಮರುದಿನ ಏರ್‌ಪೋರ್ಟ್. ಬ್ಯಾಂಕಾಕ್ ಏರ್‌ಪೋರ್ಟಿನ ಹೆಸರು ಸುವರ್ಣಭೂಮಿ. ಬೋರ್ಡ್ ಓದಿ ಹೇಳಿದಾಗ ಅಮ್ಮನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಪಾಸ್‌ಪೋರ್ಟ್ ಚೆಕ್ಕಿಂಗ್ ದಾಟಿದ ಮೇಲೆ ದೊಡ್ಡ ಸಮುದ್ರ ಮಥನದ ಶಿಲ್ಪ ಇದೆ, ವಾಸುಕಿಯ ಒಂದು ತುದಿ ದೇವತೆಗಳ ಕೈಯಲ್ಲಿ, ಇನ್ನೊಂದು ರಾಕ್ಷಸರ ಕೈಯಲ್ಲಿ. ಮಗಳಿಗೆ ಕಥೆ ಹೇಳ್ತಾ ಅಪ್ಪ ಗೇಟಿನ ಟೈಮೇ ಮರೆತರು. ದೇವನಹಳ್ಳಿಯಲ್ಲಿ ಇಳಿದು ಚನ್ನಪಟ್ಟಣ ಮುಟ್ಟಿದಾಗ ಬೆಳಗಿನ ಜಾವ. ಅಪ್ಪ ಮನೆಯ ಬಾಗಿಲಿಗಿಂತ ಮುಂಚೆ ಹುಳುಮನೆ ಬಾಗಿಲು ತೆಗೆದರು.

ಎರಡು ದಿನ ಬಿಟ್ಟು ಚಾಕಿ ಬಂತು, 200 ಮೊಟ್ಟೆಯ ಹುಳು. ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಸೊಪ್ಪಿಗೆ ಪಕ್ಕದೂರಿನ ಹುಡುಗನೊಬ್ಬನನ್ನ ಗೊತ್ತು ಮಾಡಿದ್ವಿ, ಅವನ ಕೂಲಿ ನನ್ನದು. ಅಪ್ಪ ಮೂರು ರಾತ್ರಿ ಒಪ್ಪಿಕೊಂಡರು, ನಾಲ್ಕನೇ ರಾತ್ರಿ ತಾವೇ ಎದ್ದರು.

ಗೂಡು ಹಾಕುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಗೂಡ್ಸ್ ಆಟೊದಲ್ಲಿ ಅಮ್ಮ ಚೀಲಗಳ ಜೊತೆಗೇ ಕೂತು ಬಂದಳು. ಮಾರುಕಟ್ಟೆಯ ಒಳಗೆ ಗೂಡು ಸುರಿದಿಟ್ಟ ಸಾಲು ಸಾಲು ತೊಟ್ಟಿಗಳು, ಬಿಳಿ ಒಂದು ಕಡೆ, ಹಳದಿ ಒಂದು ಕಡೆ. ರೀಲರ್‌ಗಳು ಗೂಡು ಕೈಗೆ ತಗೊಂಡು ಅಲ್ಲಾಡಿಸಿ ನೋಡ್ತಾರೆ, ಆಮೇಲೆ ಮೊಬೈಲ್‌ನಲ್ಲಿ ರೇಟು ಕೂಗ್ತಾರೆ. ಬಂದ ರೇಟು ಒಪ್ಪದಿದ್ದರೆ ರೈತ ಬೇಡ ಅನ್ನಬಹುದು. ಅಮ್ಮ ಬೇರೆಯವರ ಲಾಟುಗಳನ್ನೆಲ್ಲ ಒಂದು ಸುತ್ತು ನೋಡಿ ಬಂದಳು. ನಮ್ಮ ಲಾಟಿಗೆ ಮೊದಲು ₹560 ಬಂದಾಗ ಅಪ್ಪ ಒಪ್ಪಿಕೊಳ್ಳುವುದರಲ್ಲಿದ್ದರು. “ಬ್ಯಾಡ. ಆ ಕೊನೇ ತೊಟ್ಟಿಯ ಗೂಡಿಗಿಂತ ನಮ್ದು ಗಟ್ಟಿ” ಅಂದಳು. ಎರಡನೇ ಸಲ ₹588 ಆಯ್ತು.

ತಗೊಂಡ ರೀಲರ್‌ನ ಅಪ್ಪ ಕೇಳಿದರು, ನಮ್ಮ ಮನೆಯವರು ನೂಲು ತೆಗೆಯೋದು ನೋಡಬೇಕಂತೆ ಅಂತ. ಅವರು, “ಅದಕ್ಕೇನು, ಬನ್ನಿ ಅಮ್ಮ” ಅಂದರು. ಗೂಡನ್ನ ಮೊದಲು ಹಬೆಗೆ ಇಡಬೇಕು, ಹಾಗಾಗಿ ನಮ್ಮ ಗೂಡಿನ ನೂಲು ಅವತ್ತು ಬರಲ್ಲ, ಬೇರೆಯವರ ಗೂಡು ನಡೀತಿದೆ ಅಂತ ಮೊದಲೇ ಹೇಳಿದರು. ಘಟಕದ ಒಳಗೆ ಹಬೆ, ಕೋಶದ ವಾಸನೆ, ಮೋಟಾರಿನ ಸದ್ದು. ಸಾಲಾಗಿ ನಿಂತ ಹೆಂಗಸರು ಬಿಸಿನೀರಿಗೆ ಕೈ ಹಾಕಿ ಎಳೆ ಹಿಡಿದು ಕೊಡ್ತಾನೇ ಇದ್ದರು. ಬ್ಯಾಂಕಾಕ್‌ನಲ್ಲಿ ನೋಡಿದ್ದಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಅಲ್ಲಿ ಬಂದವರಿಗೆ ತೋರಿಸೋಕೆ, ಇಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ. ಅಮ್ಮ ಅವರಲ್ಲಿ ಒಬ್ಬರ ಅಂಗೈ ಹಿಡಿದು ನೋಡಿದಳು. ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿ, ಅಲ್ಲಲ್ಲಿ ಬಿರಿದಿತ್ತು. ಬ್ಯಾಗಿನಿಂದ ಮುಲಾಮಿನ ಒಂದು ಡಬ್ಬಿ ತೆಗೆದು ಅವರ ಕೈಗೆ ಇಟ್ಟಳು. ಅದು ಕನಕಪುರದ ಅತ್ತೆಯ ಲೆಕ್ಕದ್ದು, ಬಿರಿದ ಬೆರಳಿಗೆ ಹಚ್ಚಿದರೆ ಉರಿಯುತ್ತೆ, ಮಂಡಿಗೆ ಹಚ್ಚಿಕೊಳ್ಳಿ ಅಂತ ನಾನು ಹೇಳಿದೆ.

ವಾಪಸ್ ಬರುವಾಗ ಆಟೊದಲ್ಲಿ ಮುಂದಿನ ಚಾಕಿಯ ಮಾತು. ಅಮ್ಮ 150 ಮೊಟ್ಟೆ ಸಾಕು ಅಂದಳು, ಅಷ್ಟಾದರೆ ರಾತ್ರಿ ಸೊಪ್ಪಿಗೆ ಇಬ್ಬರೂ ಏಳಬೇಕಾಗಿಲ್ಲ. ಅಪ್ಪ 200 ಅಂತಲೇ ಇದ್ದಾರೆ. ಬುಕ್ ಮಾಡಲು ಇನ್ನೂ ನಾಲ್ಕು ದಿನ ಇದೆ.